ನಲವತ್ತೊಂದನೆಯ ಕಲಮು

ಹೇಳಬೇಕಾಗಿದ್ದದ್ದು ಒಂದೇ ಒಂದು ಪದ. ‘ಹೌದು.’ ಹಲ್ಲುಜ್ಜುತ್ತಲೇ ಅವಳು ಅದನ್ನು ಒಮ್ಮೆ ಹೇಳಿ ನೋಡಿದಳು. ಬಾಯಿ ತುಂಬ ನೊರೆಯಿದ್ದದ್ದರಿಂದ ಅದು ಆಕಳಿಕೆಯ ಹಾಗೆ ಹೊರಗೆ ಬಂತು. ಕಂಪನಿಯ ವಕೀಲರು ನಿನ್ನೆ ಅವಳನ್ನು ಎದುರಿಗೆ ಕೂರಿಸಿಕೊಂಡು, ಮಗ್ಗಿ ಕಲಿಸುವವರ ತಾಳ್ಮೆಯಿಂದ ಹೇಳಿಕೊಟ್ಟಿದ್ದರು. ಕರಾರಿನ ಕಲಮುಗಳನ್ನೆಲ್ಲ ಗುತ್ತಿಗೆದಾರರಿಗೆ ವಿವರಿಸಿ ಹೇಳಿದಿರಾ ಅಂತ ನಾಳೆ ವಿಚಾರಣೆಯಲ್ಲಿ ಮಧ್ಯಸ್ಥರು ಕೇಳುತ್ತಾರೆ, ನೀವು ಹೌದು ಅನ್ನುತ್ತೀರಿ, ಎದ್ದು ಬರುತ್ತೀರಿ, ಅಷ್ಟೇ. ಉದ್ದ ಮಾತು ಬೇಡ. ಇದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಕಟ್ಟಡದ ಕಂಪನಿಯೊಂದರಲ್ಲಿ ಕರಾರುಪತ್ರ ಬರೆಯುತ್ತ ಬಂದವಳು. ಎಲ್ಲಿ ಒಂದು ಪದ ಸಾಕೋ ಅಲ್ಲಿ ಎರಡು ಹಾಕಿದರೆ ಎದುರು ಪಕ್ಷದವರು ಆ ಎರಡನೆಯದನ್ನೇ ಹಿಡಿದು ಜಗ್ಗುತ್ತಾರೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆಫೀಸಿನವರು ಅವಳಿಗೆ ಕಲಮಕ್ಕ ಎಂದು ಹೆಸರಿಟ್ಟು ಎಷ್ಟು ಕಾಲವಾಗಿತ್ತೆಂದರೆ, ಹೊಸದಾಗಿ ಬಂದ ಗುತ್ತಿಗೆದಾರರು ಅದು ಅವಳ ತಂದೆತಾಯಿ ಇಟ್ಟ ಹೆಸರೆಂದೇ ತಿಳಿಯುತ್ತಿದ್ದರು. ನರ್ಸುಗಳ ವಸತಿಗೃಹ ಕಟ್ಟಲು ಗುತ್ತಿಗೆ ಹಿಡಿದ ಮೇಸ್ತ್ರಿಯೂ ಹಾಗೇ ತಿಳಿದಿದ್ದ. ‘ಕಲಮಕ್ಕನೋರೇ’ ಎಂದು ಅವನು ಕರೆಯುವಾಗ ಅದರಲ್ಲಿ ಗೇಲಿಯ ಸೋಂಕೇ ಇರುತ್ತಿರಲಿಲ್ಲ. ಅವಳು ಬಾಯಿ ಮುಕ್ಕಳಿಸಿ ಮತ್ತೊಮ್ಮೆ ಹೇಳಿದಳು, ಹೌದು. ಈ ಸಲ ಸ್ಪಷ್ಟವಾಗಿತ್ತು.

ಒಲೆ ಹಜಾರಕ್ಕೆ ಬಂದು ಹತ್ತು ದಿನವಾಗಿತ್ತು. ಅಡುಗೆಮನೆಯ ಕಟ್ಟೆ ಒಡೆದು ಹೊಸ ಕಲ್ಲು ಕೂರಿಸಲು ಅತ್ತೆಯವರೇ ಯಾರೋ ಗಾರೆಯವನನ್ನು ಗೊತ್ತು ಮಾಡಿದ್ದರು, ಬಾಯಿಮಾತಿನಲ್ಲಿ, ಅದೂ ಗೇಟಿನ ಹತ್ತಿರ ನಿಂತು. ಅವನು ಹಳೆಯ ಕಟ್ಟೆಯನ್ನು ಬಹಳ ಉತ್ಸಾಹದಿಂದ ಒಡೆದುಹಾಕಿ ಹೋದವನು ಮತ್ತೆ ಮುಖ ತೋರಿಸಿರಲಿಲ್ಲ.

“ಇವತ್ತು ಬರ್ತಾನೆ ಬಿಡೇ,” ಅಂದರು ಅತ್ತೆ, ಸೋಫಾದ ಮೇಲೆ ಕೂತು ತರಕಾರಿ ಹೆಚ್ಚುತ್ತ. “ಸೋಮವಾರ ಬರ್ತೀನಿ ಅಂದಿದ್ದ.”

“ಇವತ್ತು ಗುರುವಾರ ಅತ್ತೆ.”

“ಯಾವ ಸೋಮವಾರ ಅಂತ ಅವನು ಹೇಳಿರಲಿಲ್ಲವಲ್ಲ.”

ಗಂಡ ಪೇಪರಿನ ಹಿಂದಿನಿಂದ ಜೋರಾಗಿ ನಕ್ಕ. “ನೋಡು, ನಿನ್ನ ಕೆಲಸಕ್ಕೆ ಅಮ್ಮನನ್ನೇ ಸೇರಿಸಿಕೊಳ್ಳಬಹುದು,” ಅಂದ. ಬೇರೆ ದಿನವಾಗಿದ್ದರೆ ಅವಳೂ ನಗುತ್ತಿದ್ದಳು. ಇವತ್ತು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಹಾಲು ಉಕ್ಕುವುದನ್ನೇ ಕಾಯುತ್ತ, ಮೇಸ್ತ್ರಿಯೂ ಹೀಗೇ ಬಾಯಲ್ಲೇ ಹೇಳಿದ್ದನಲ್ಲ ಎಂದುಕೊಂಡಳು. ‘ಕೆಳಗೆ ಏನೋ ಸಿಕ್ಕಿದೆ ಕಲಮಕ್ಕನೋರೇ, ಕೆಲಸ ತಡ ಆಗುತ್ತೆ.’ ಫೋನಿನಲ್ಲಿ ಹಿಂದೆ ಪಂಪಿನ ಸದ್ದು ಕೇಳುತ್ತಿತ್ತು. ಬರೆದು ಕೊಡಿ ಎಂದು ಅವಳು ಹೇಳಿದ್ದಳು, ಹೇಳದೆ ಇರಲಿಲ್ಲ. ‘ಹೇಳಿದೆನಲ್ಲ,’ ಎಂದಿದ್ದ ಅವನು. ಇಬ್ಬರಿಗೂ ತಾವು ಮಾಡಬೇಕಾದ್ದನ್ನು ಮಾಡಿದ ಸಮಾಧಾನವಿತ್ತು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ನಿಲ್ದಾಣದ ಪಕ್ಕದ ಹೊಸ ಕಟ್ಟಡದಲ್ಲಿ ಸೂರಿನ ಕೆಳಗೆ ಕಬ್ಬಿಣದ ಕಂಬಗಳು ಒತ್ತೊತ್ತಾಗಿ ನಿಂತಿದ್ದವು. ಅವಳು ಕಣ್ಣು ಹೊರಳಿಸಿ ಬೇರೆ ಕಡೆ ನೋಡಿದಳು. ಕಾಂಕ್ರೀಟು ಸುರಿಯುವ ಮುಂಚೆ ಕೆಳಗೆ ತಗಡು ಹಾಸಿ, ಕಂಬ ಕೊಟ್ಟು, ಅದು ಗಟ್ಟಿಯಾಗುವವರೆಗೆ ಹೊತ್ತು ನಿಲ್ಲಿಸುವ ಸೆಂಟ್ರಿಂಗ್ ಕೆಲಸದಿಂದಲೇ ಮೇಸ್ತ್ರಿ ಮೇಲೆ ಬಂದವನು. ಹದಿನಾಲ್ಕು ತಗಡಿನಿಂದ ಶುರು ಮಾಡಿ ಆರುನೂರು ತಗಡು, ಸಾವಿರ ಕಂಬ, ಎರಡು ಮಿಕ್ಸರ್ ಕೂಡಿಸಿದ್ದ. ಒಂದೊಂದು ತಗಡಿನ ಮೂಲೆಗೂ ನೀಲಿ ಬಣ್ಣದ ಒಂದು ಗೆರೆ. ಈಗ ಅದೆಲ್ಲ ಕಂಪನಿಯ ಬೇಲಿಯ ಒಳಗಿದೆ. ನಲವತ್ತೊಂದನೆಯ ಕಲಮಿನ ಪ್ರಕಾರ ಕರಾರು ರದ್ದಾದರೆ ನಿವೇಶನದ ಮೇಲಿರುವ ಸಕಲ ಸಾಮಗ್ರಿ, ಯಂತ್ರ, ಸಲಕರಣೆ ಕಂಪನಿಗೆ ಸೇರತಕ್ಕದ್ದು. ಆ ‘ಸಕಲ’ ಅವಳು ಹಾಕಿದ್ದು. ಮೂಲದಲ್ಲಿ ‘ಅವಶ್ಯವಿರುವ’ ಎಂದಿತ್ತು. ಅದು ವಾದಕ್ಕೆ ಎಡೆ ಕೊಡುತ್ತದೆಂದು ಹೊಡೆದು ಹಾಕಿದ್ದಳು. ಮ್ಯಾನೇಜರು ಓದಿ ‘ಭೇಷ್’ ಅಂದಿದ್ದರು. ಆ ದಿನ ಅವಳು ಮನೆಗೆ ಹೋಗುವಾಗ ಹೂವು ಕೊಂಡಿದ್ದಳು, ಯಾಕೆ ಅಂತ ಗಂಡ ಕೇಳಿದ್ದಕ್ಕೆ ಸುಮ್ಮನೆ ಅಂದಿದ್ದಳು. ಮೇಸ್ತ್ರಿ ದಿನಾ ಬೆಳಿಗ್ಗೆ ಬಂದು ಗೇಟಿನ ಹೊರಗೆ ನಿಂತು ತನ್ನ ಕಂಬಗಳ ಮೇಲೆ ಬೇರೆಯವನು ಸೂರು ಹಾಕುವುದನ್ನು ನೋಡಿ ಹೋಗುತ್ತಾನೆಂದು ಕಾವಲುಗಾರ ಹೇಳಿದ್ದ. ಗಲಾಟೆ ಮಾಡುತ್ತಾನಾ ಎಂದು ಕೇಳಿದ್ದಳು. ಇಲ್ಲ, ನಿನ್ನೆ ಒಂದು ಕಂಬ ಓರೆಯಾಗಿದೆ ಸರಿಮಾಡಿಸು ಎಂದು ಹೇಳಿ ಹೋದ, ಎಂದಿದ್ದ ಕಾವಲುಗಾರ.

ಅವಳೇನು ಕಟುಕಳೇ? ಅವಳು ಎರಡು ಕರಡು ಮಾಡಿದ್ದಳು. ಒಂದು ಅಳತೆಯ ಕರಾರು: ಎಷ್ಟು ಅಗೆದರೆ ಅಷ್ಟಕ್ಕೆ ಲೆಕ್ಕ, ಹೆಚ್ಚು ಅಗೆಯಬೇಕಾದರೆ ಹೆಚ್ಚು ಸಮಯ. ಇನ್ನೊಂದು ಒಟ್ಟು ಮೊತ್ತದ್ದು: ಏನೇ ಆಗಲಿ, ಹೇಳಿದ ಮೊತ್ತ, ಹೇಳಿದ ದಿನ. ಎರಡನ್ನೂ ಮ್ಯಾನೇಜರ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಿದ್ದಳು.

“ಇದರಲ್ಲಿ ನಮಗೆ ತಲೆನೋವಿಲ್ಲದ್ದು ಯಾವುದಮ್ಮ?”

“ಒಟ್ಟು ಮೊತ್ತದ್ದು ಸಾರ್. ಆದ್ರೆ ಮಣ್ಣಿನ ಪರೀಕ್ಷೆ ಎರಡೇ ಕಡೆ ಆಗಿದೆ. ಕೆಳಗೆ ಏನಿದೆಯೋ ನಮಗೇ ಗೊತ್ತಿಲ್ಲ.”

“ಗೊತ್ತಿಲ್ಲ ಅಂತಾನೇ ಅದು ಮೇಸ್ತ್ರಿ ತಲೆ ಮೇಲಿರಲಿ,” ಎಂದು ಅವರು ಒಟ್ಟು ಮೊತ್ತದ ಕರಡನ್ನು ತಮ್ಮ ಕಡೆ ಎಳೆದುಕೊಂಡು ಇನ್ನೊಂದನ್ನು ಅವಳ ಕಡೆ ತಳ್ಳಿದ್ದರು. ತಳ್ಳಿದ್ದನ್ನು ಅವಳು ಎತ್ತಿಕೊಂಡಿದ್ದಳು. ನೆಲದ ಕೆಳಗೆ ಇದ್ದದ್ದು ಒಂದು ಮನೆಯಷ್ಟು ದೊಡ್ಡ ಹಳೆಯ ನೀರಿನ ತೊಟ್ಟಿ. ಯಾವ ಕಾಲದ್ದೋ, ಇಟ್ಟಿಗೆಯ ಕಮಾನು ಕಟ್ಟಿ ಮುಚ್ಚಿ ಮೇಲೆ ಮಣ್ಣು ಹಾಕಿ ಎಲ್ಲರೂ ಮರೆತದ್ದು. ಪರೀಕ್ಷೆಯ ಎರಡು ಗುಂಡಿಗಳೂ ಅದರ ಅಂಚಿಗೆ ತಾಗದೆ, ಬೇಕೆಂದೇ ತಪ್ಪಿಸಿಕೊಂಡ ಹಾಗೆ, ಆಚೆಗೊಂದು ಈಚೆಗೊಂದು ಬಿದ್ದಿದ್ದವು. ಕಪ್ಪು ನೀರು ಹೊರಹಾಕಲು ನಾಲ್ಕು ವಾರ, ಗೋಡೆ ಒಡೆದು ತುಂಬಲು ಆರು. ನರ್ಸುಗಳ ವಸತಿಗೃಹ ಮೊದಲನೆಯ ಸೂರಿಗೆ ಬರುವಷ್ಟರಲ್ಲಿ ಕರಾರಿನ ದಿನ ದಾಟಿತ್ತು. ರದ್ದತಿಯ ನೋಟೀಸನ್ನು ಬರೆದವಳೂ ಅವಳೇ. ಅದರಲ್ಲಿ ಒಂದು ತಪ್ಪೂ ಇರಲಿಲ್ಲ.

ಇದೆಲ್ಲ ಹೋಗಲಿ ಅನ್ನಬಹುದಿತ್ತು. ಮ್ಯಾನೇಜರು ಆರಿಸಿದರು, ಅವಳು ಬರೆದಳು. ಸಂಬಳ ತೆಗೆದುಕೊಳ್ಳುವವಳು ಇನ್ನೇನು ಮಾಡಬೇಕಿತ್ತು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಬೇರೆ. ಸಹಿಯ ದಿನ. ಅವರ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು: ಸಹಿ ಮಾಡುವವರ ಪಕ್ಕದಲ್ಲಿ ಅವಳು ಕೂರಬೇಕು, ಪ್ರತಿ ಪುಟದ ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಗುರುತು ಹಾಕಿಟ್ಟಿರಬೇಕು, ಅವರು ಅಲ್ಲಿ ಸಹಿ ಹಾಕುತ್ತಿದ್ದ ಹಾಗೆ ಪುಟ ತಿರುವಿ ಕೊಡಬೇಕು. ನೋಡಲು ಅದು ಉಪಚಾರ. ಆದರೆ ಅದರಲ್ಲೊಂದು ಕೈಚಳಕವಿತ್ತು. ಸಹಿಯ ಶಾಯಿ ಆರುವ ಮುಂಚೆ, ಕಣ್ಣು ಮೇಲಕ್ಕೆ ಹೋಗುವ ಮುಂಚೆ, ಪುಟ ತಿರುವಿರಬೇಕು. ಅವಸರ ಅನ್ನಿಸಬಾರದು. ಹೊಸಬಳಾಗಿ ಸೇರಿದಾಗ ಹಳೆಯ ಗುಮಾಸ್ತರೊಬ್ಬರು ಅವಳಿಗೆ ಕಲಿಸಿದ್ದು ಕಾನೂನನ್ನಲ್ಲ, ಇದನ್ನು. ‘ಮಾತಾಡಿಸ್ತಾ ಇರಬೇಕಮ್ಮ, ಮಕ್ಕಳೆಷ್ಟು, ಎಲ್ಲಿ ಓದ್ತಿದ್ದಾರೆ ಅಂತ.’ ಅವಳ ಕೈಯಲ್ಲಿ ಐವತ್ತಾರು ಪುಟದ ಕರಾರು ಹತ್ತು ನಿಮಿಷಕ್ಕೆ ಮುಗಿಯುತ್ತಿತ್ತು. ಮೇಸ್ತ್ರಿಯನ್ನೂ ಮಾತಾಡಿಸಿದ್ದಳು. ಅವನು ಮಗಳ ಮದುವೆಯ ಸುದ್ದಿ ಹೇಳಿದ್ದ, ಅಳಿಯ ಹೈಸ್ಕೂಲು ಮೇಷ್ಟ್ರು ಎಂದು ಹೇಳುವಾಗ ಪೆನ್ನು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದ್ದ. ಹಾಗೇ ಹೋಗುತ್ತಿದ್ದವನು ಮೂವತ್ತೇಳನೆಯ ಪುಟದಲ್ಲಿ ನಿಂತ. ಅಲ್ಲಿ ಅಕ್ಷರ ದಪ್ಪಗಿತ್ತು, ಅದಕ್ಕಿರಬೇಕು. ನಲವತ್ತೊಂದು ಎಂಬ ಅಂಕಿಯ ಪಕ್ಕ ತೋರುಬೆರಳಿಟ್ಟು ಕೇಳಿದ:

“ಇದರಲ್ಲಿ ಏನಿದೆ ಕಲಮಕ್ಕನೋರೇ?”

ಮ್ಯಾನೇಜರು ಊಟಕ್ಕೆ ಏಳುವವರಿದ್ದರು. ನೋಟರಿ ಆಗಲೇ ಎರಡು ಸಲ ಗಡಿಯಾರ ನೋಡಿದ್ದರು. “ಅದು ಎಲ್ಲ ಕರಾರಲ್ಲೂ ಇರುತ್ತೆ ಮೇಸ್ತ್ರಿಗಳೇ. ಸುಮ್ಮನೆ,” ಎಂದು ಅವಳು ಪುಟದ ಮೂಲೆಗೆ ಕೈ ಹಾಕಿದಳು. ಅವನ ಬೆರಳು ಇನ್ನೂ ಅಲ್ಲೇ ಇತ್ತು. ಓದುವವರ ಬೆರಳು ಸರಿಯುತ್ತದೆ, ತಡವಾಗಿಯಾದರೂ ಸರಿಯುತ್ತದೆ. ಅವನದು ಅಂಕಿಯ ಪಕ್ಕದಲ್ಲಿ ನಿಂತದ್ದು ನಿಂತೇ ಇತ್ತು. ನಕ್ಷೆಯಲ್ಲಾದರೆ ಅದೇ ಬೆರಳು ಎಷ್ಟು ಚುರುಕು! ಎಂಜಿನಿಯರು ಮೂರು ವಾರ ಕೂತು ಬರೆದ ನಕ್ಷೆಯಲ್ಲಿ ಮೆಟ್ಟಿಲಿನ ಲೆಕ್ಕ ಒಂದು ಕಡಿಮೆಯಿದೆ ಎಂದು ನಿಂತ ನಿಲುವಿನಲ್ಲೇ ತೋರಿಸಿಕೊಟ್ಟಿದ್ದ. ಅಂಕಿ, ಗೆರೆ, ಅಳತೆ ಎಲ್ಲ ಓದುತ್ತಿದ್ದ. ಅಕ್ಷರ ಮಾತ್ರ ಓದುತ್ತಿರಲಿಲ್ಲ. ಆ ಕ್ಷಣದಲ್ಲಿ ಅವಳಿಗೆ ಅದು ಗೊತ್ತಾಯಿತು. ಗೊತ್ತಾದದ್ದೇ ತಡ, ಅವಳು ಮೆತ್ತಗೆ ಕಾಗದ ಎಳೆದಳು. ಬೆರಳು ಹಾಗೇ ಜಾರಿ ಮೇಜಿಗೆ ಬಂತು. ಅವನು ನಾಚಿದವನ ಹಾಗೆ ನಕ್ಕ. ಅವಳೂ ನಕ್ಕಳು. ಅದನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮುಖವನ್ನು ತೆಗೆದು ಎಲ್ಲಾದರೂ ಇಟ್ಟು ಬರೋಣ ಅನ್ನಿಸುತ್ತಿತ್ತು.

ವಿಚಾರಣೆಯ ಕೋಣೆ ಬಚ್ಚಲಿನ ಸಾಮಾನು ಮಾರುವ ಅಂಗಡಿಯ ಮೇಲಿತ್ತು. ನ್ಯಾಯ ಕೇಳಲು ಬಂದವರು ಸಾಲಾಗಿ ಇಟ್ಟ ಕಮೋಡುಗಳ ನಡುವೆ ನಡೆದು ಮೆಟ್ಟಿಲು ಹತ್ತಬೇಕು. ಮಧ್ಯಸ್ಥರು ನಿವೃತ್ತ ಎಂಜಿನಿಯರು, ಕಿವಿ ಸ್ವಲ್ಪ ಮಂದ, ಅದಕ್ಕೆ ಎಲ್ಲರೂ ಜಗಳಕ್ಕೆ ಬಂದವರ ಹಾಗೆ ಗಟ್ಟಿಯಾಗಿ ಮಾತಾಡಬೇಕಾಗಿತ್ತು. ಮೇಜಿನ ಈ ಕಡೆ ಅವಳು, ಮ್ಯಾನೇಜರು, ಕಂಪನಿಯ ವಕೀಲರು. ಆ ಕಡೆ ಮೇಸ್ತ್ರಿ, ಅವನ ತೆಳ್ಳಗಿನ ವಕೀಲ, ಮತ್ತು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೇಬಿನಲ್ಲಿ ಎರಡು ಪೆನ್ನು ಸಿಕ್ಕಿಸಿಕೊಂಡ ಅಳಿಯ. ಮೇಸ್ತ್ರಿ ಅವಳನ್ನು ಕಂಡು ಅಭ್ಯಾಸಬಲದಿಂದ ಎದ್ದು ನಿಲ್ಲಲು ಹೋದ. ಅವನ ವಕೀಲ ತೋಳು ಹಿಡಿದು ಕೂರಿಸಿದ. ವಕೀಲನ ದಾರಿ ನೇರವಾಗಿತ್ತು. ಇಷ್ಟು ಕಠಿಣವಾದ ಕಲಮನ್ನು ಎತ್ತಿ ತೋರಿಸಿ ತಿಳಿಸಿ ಹೇಳದೆ ಸಹಿ ಹಾಕಿಸಿಕೊಂಡಿದ್ದರೆ ಅದನ್ನು ಇವರ ಮೇಲೆ ಹೇರುವ ಹಾಗಿಲ್ಲ; ಸಾಮಗ್ರಿ ವಾಪಸು ಕೊಡಲೇಬೇಕು. ಅದಕ್ಕೆ ಮೊದಲ ಮೆಟ್ಟಿಲು, ಇವರಿಗೆ ಓದಲು ಬರುವುದಿಲ್ಲ ಎಂಬುದು.

“ಕರಾರಿಗೆ ಸಹಿ ಹಾಕೋ ಮುಂಚೆ ಅದನ್ನ ಓದಿದ್ರಾ?” ಎಂದು ಮಧ್ಯಸ್ಥರು ಕೇಳಿದರು.

ವಕೀಲ ಮೇಸ್ತ್ರಿಯ ಕಡೆ ಬಾಗಿ ಕಾದ. ಮೇಸ್ತ್ರಿ ವಕೀಲನನ್ನು ನೋಡಲಿಲ್ಲ. ಅಳಿಯನ ಕಡೆ ಒಂದು ಸಲ ನೋಡಿದ. ಅಳಿಯ ಧೈರ್ಯ ಹೇಳುವವನಂತೆ ತಲೆಯಾಡಿಸಿದ.

“ಓದೇ ಹಾಕಿದ್ದು ಸಾರ್.”

“ಏನು?”

“ಓದಿದೀನಿ ಸಾರ್!” ಮೇಸ್ತ್ರಿಯ ದನಿ ಕೋಣೆ ತುಂಬಿತು. “ಓದದೆ ಯಾರಾದ್ರೂ ಸಹಿ ಹಾಕ್ತಾರಾ?”

ತೆಳ್ಳಗಿನ ವಕೀಲ ತಲೆಯ ಮೇಲೆ ಕೈಹೊತ್ತು ಕೂತ. ಮ್ಯಾನೇಜರು ಅವಳ ಕಡೆ ವಾಲಿ, “ಮುಗೀತು,” ಎಂದು ಪಿಸುಗುಟ್ಟಿದರು. ಅವರ ಬಾಯಿಂದ ಪೆಪ್ಪರಮಿಂಟಿನ ವಾಸನೆ ಬರುತ್ತಿತ್ತು. ಅವಳು ಮೇಜಿನ ಮೇಲಿದ್ದ ಮೇಸ್ತ್ರಿಯ ಕೈಗಳನ್ನು ನೋಡಿದಳು. ಸಿಮೆಂಟು ತಿಂದು ತಿಂದು ಉಗುರಿನ ಸುತ್ತ ಬಿರಿದಿದ್ದವು. ಈ ಮನುಷ್ಯ ಆರುನೂರು ತಗಡು, ಸಾವಿರ ಕಂಬ, ಮೂವತ್ತು ವರ್ಷದ ಬದುಕನ್ನು ಅಳಿಯನ ಎದುರು ಒಂದು ಮಾತು ಹೇಳಲಾರದೆ ಬಿಟ್ಟುಕೊಟ್ಟುಬಿಟ್ಟನಲ್ಲ ಎಂದು ಅವಳಿಗೆ ಸಂಕಟವಾಯಿತು. ಸಿಟ್ಟೂ ಬಂತು. ಪೆದ್ದ, ಶುದ್ಧ ಪೆದ್ದ, ಎಂದು ಬೈದುಕೊಂಡಳು. ಬೈಯುತ್ತಿರುವಾಗಲೇ ಅವಳಿಗೆ ತನ್ನ ಮೊದಲ ವರ್ಷ ನೆನಪಾಯಿತು. ಮೀಟಿಂಗಿನಲ್ಲಿ ಯಾರೋ ಆಡಿದ ಒಂದು ಇಂಗ್ಲಿಷು ಮಾತು ಅರ್ಥವಾಗದಿದ್ದರೂ ತಲೆಯಾಡಿಸಿ, ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಿಘಂಟು ತೆಗೆದದ್ದು. ಕೇಳಿದ್ದರೆ ಯಾರೂ ನಗುತ್ತಿರಲಿಲ್ಲವೇನೋ. ಆದರೆ ಕೇಳಲು ಆಗಿರಲಿಲ್ಲ. ಈಗ ತಾನು ‘ಹೌದು’ ಅಂದರೆ ಅವನ ಸಲಕರಣೆ ಹೋಗುತ್ತದೆ. ಇಲ್ಲ, ಇವರಿಗೆ ಓದಲು ಬರುವುದಿಲ್ಲ ಅಂದರೆ ಸಲಕರಣೆ ಬರಬಹುದು, ಆದರೆ ಈ ಇಸ್ತ್ರಿ ಅಂಗಿಯ ಎದುರು ಅವನು ಮತ್ತೆ ಬೆನ್ನು ನೆಟ್ಟಗೆ ಮಾಡಲಾರ. ಎರಡರಲ್ಲಿ ಯಾವುದನ್ನು ಕಸಿದುಕೊಳ್ಳಬೇಕೆಂದು ತೀರ್ಮಾನಿಸಲು ಅವಳು ಯಾರು?

“ಕರಾರು ಬರೆದವರು ನೀವೇನಮ್ಮ?” ಮಧ್ಯಸ್ಥರು ಅವಳ ಕಡೆ ತಿರುಗಿದ್ದರು. ಪ್ರಮಾಣ ಮಾಡಿಸಿದ್ದಾಯಿತು. “ನಲವತ್ತೊಂದನೇ ಕಲಮು ಇವರಿಗೆ ವಿವರಿಸಿ ಹೇಳಿದ್ರಾ?”

ಕಂಪನಿಯ ವಕೀಲರು ಪೆನ್ನಿನ ಮುಚ್ಚಳ ಹಾಕಿದರು. ಅವಳು ಇಪ್ಪತ್ತೆರಡು ವರ್ಷ ಮಾಡಿದ ಹಾಗೇ ಈಗಲೂ ಪದಗಳನ್ನು ಒಂದೊಂದಾಗಿ ಎತ್ತಿ, ಯಾವುದು ಎಷ್ಟು ಭಾರ ಹೊರುತ್ತದೆಂದು ನೋಡಿದಳು. ಸುಳ್ಳಾಗಿರಬಾರದು. ಹೆಚ್ಚೂ ಆಗಬಾರದು.

“ಇಲ್ಲ ಸಾರ್.”

“ಗಟ್ಟಿಯಾಗಿ ಹೇಳಿ.”

“ವಿವರಿಸಿಲ್ಲ ಸಾರ್. ಅವರು ಆ ಕಲಮಿನ ಮೇಲೆ ಬೆರಳಿಟ್ಟು ನಿಂತಿದ್ರು. ಇದರಲ್ಲಿ ಏನಿದೆ ಅಂತ ಕೇಳಿದ್ರು. ಸುಮ್ಮನೆ, ಎಲ್ಲ ಕರಾರಲ್ಲೂ ಇರುತ್ತೆ ಅಂದೆ. ಅವರ ಬೆರಳು ಇನ್ನೂ ಅಲ್ಲೇ ಇತ್ತು, ನಾನು ಕೆಳಗಿಂದ ಪುಟ ಎಳೆದೆ.”

“ಆದ್ರೆ ಓದಿದೀನಿ ಅಂತ ಅವರೇ ಹೇಳ್ತಿದಾರಲ್ಲ?”

“ಅವರು ಮರ್ಯಾದಸ್ಥರು ಸಾರ್. ನನ್ನ ತಪ್ಪನ್ನ ನನ್ನೆದುರಿಗೆ ಹೇಳಲ್ಲ. ಆ ಪುಟ ಓದೋಕೆ ನಾನು ಬಿಟ್ಟಿಲ್ಲ. ಅಷ್ಟು ಹೊತ್ತಿರಲಿ, ಅರ್ಧ ನಿಮಿಷವೂ ಕೊಟ್ಟಿಲ್ಲ.”

ತೆಳ್ಳಗಿನ ವಕೀಲ ತಲೆಯಿಂದ ಕೈ ತೆಗೆದು ಬರೆದುಕೊಳ್ಳತೊಡಗಿದ. ಮಧ್ಯಸ್ಥರು ಕನ್ನಡಕ ತೆಗೆದು ಅವಳನ್ನೇ ನೋಡಿದರು. ಇಂಥ ಪುಟಗಳನ್ನು ಅವರೂ ತಮ್ಮ ಕಾಲದಲ್ಲಿ ಎಷ್ಟೋ ಎಳೆದಿದ್ದರೆಂದು ಕಾಣುತ್ತದೆ. ಆಮೇಲೆ, ತೀರ್ಪು ಬರುವ ತನಕ ಆ ಸಲಕರಣೆಯನ್ನು ಯಾರೂ ಮುಟ್ಟಕೂಡದು ಎಂದು ನಿಧಾನವಾಗಿ ಬರೆಸಿದರು. ತೀರ್ಪು ಮುಂದಿನ ತಿಂಗಳು. ಮ್ಯಾನೇಜರು ಫೈಲು ಕಂಕುಳಲ್ಲಿ ಇಟ್ಟುಕೊಂಡು, ಅವಳ ಮುಖ ನೋಡದೆ, “ಸಂಜೆ ಆಫೀಸಿಗೆ ಬಂದು ನನ್ನ ನೋಡಿ ಹೋಗಿ,” ಅಂದರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅವಳಿಗೆ ‘ಅಮ್ಮ’ ಸೇರಿಸದೆ ಮಾತಾಡಿದ್ದು ಇದೇ ಮೊದಲು. ಸಂಜೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ನೌಕರರ ನೇಮಕಾತಿಯ ಕರಾರನ್ನೂ ಅವಳೇ ಬರೆದಿದ್ದಳು.

ಎಲ್ಲರೂ ಇಳಿದು ಹೋಗಲಿ ಎಂದು ಕಾದು ಮೆಟ್ಟಿಲಿಗೆ ಬಂದರೆ ಕೆಳಗಿನ ತಿರುವಿನಲ್ಲಿ ಮೇಸ್ತ್ರಿ ಒಬ್ಬನೇ ನಿಂತಿದ್ದ. ಥ್ಯಾಂಕ್ಸ್ ಹೇಳಿಬಿಟ್ಟರೆ ಏನು ಮಾಡಲಿ ಎಂದು ಹೆದರಿದಳು; ಬೈಗುಳವಾದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅವನು ಎರಡನ್ನೂ ಮಾಡಲಿಲ್ಲ. ಕೈಚೀಲದಿಂದ ಕರಾರಿನ ತನ್ನ ಪ್ರತಿ ತೆಗೆದ. ಕೊಟ್ಟ ದಿನ ಹೇಗಿತ್ತೋ ಹಾಗೇ ಇತ್ತು, ಒಂದು ಮೂಲೆಯೂ ಮಡಿಸಿರಲಿಲ್ಲ.

“ಅಳಿಯ ಸ್ಕೂಟರ್ ತರೋಕೆ ಹೋಗಿದ್ದಾನೆ. ದೂರ ನಿಲ್ಲಿಸಿದ್ದಾನೆ, ಹೊತ್ತಾಗುತ್ತೆ,” ಅಂದ. ಆಚೆ ಈಚೆ ನೋಡಿ ದನಿ ತಗ್ಗಿಸಿದ. “ಮಗಳಿಗೆ ಗೊತ್ತು. ಅವನಿಗೆ ಗೊತ್ತಿಲ್ಲ. ನಿಮಗೆ ಅವತ್ತೇ ಗೊತ್ತಾಗಿತ್ತು, ಅಲ್ವಾ?”

ಅವಳು ತಲೆಯಾಡಿಸಿದಳು.

“ಹಂಗಾದ್ರೆ ಓದಿ ಹೇಳಿ.”

“ನಲವತ್ತೊಂದನೇದಾ?”

“ಮೊದಲಿಂದ.”

ಅವಳು ಮೆಟ್ಟಿಲ ಮೇಲೆ ಕೂತಳು. ಸೀರೆಗೆ ಧೂಳು ಹತ್ತಿತು. ಮೇಸ್ತ್ರಿ ಎರಡು ಮೆಟ್ಟಿಲು ಕೆಳಗೆ, ಗೋಡೆಗೆ ಒರಗಿ, ಕೈಕಟ್ಟಿ ನಿಂತ. ಅವಳು ಒಂದನೆಯ ಕಲಮು ಓದಿದಳು. ‘ಸದರಿ’ ಅಂದರೇನು ಎಂದು ಕೇಳಿದ. ಈಗ ಹೇಳ್ತಾ ಇದೀವಲ್ಲ, ಅದೇ, ಅಂದಳು. ಅದಕ್ಕೆ ಬೇರೆ ಪದ ಯಾಕೆ ಬೇಕಿತ್ತು ಎಂದು ಕೇಳಿದ. ಅವಳು ಎರಡನೆಯದನ್ನು ಓದಿದಳು; ಅದಕ್ಕೆ ಅವನು ‘ಸರಿ, ಇದು ನ್ಯಾಯ’ ಅಂದ. ಮೂರನೆಯದಕ್ಕೆ ಬಂದಾಗ ಅವಳ ದನಿ ತಾನಾಗಿಯೇ ಸಣ್ಣದಾಯಿತು. ಗುತ್ತಿಗೆದಾರನು ನಿವೇಶನವನ್ನು ಖುದ್ದಾಗಿ ಪರಿಶೀಲಿಸಿ, ಭೂಮಿಯ ಮೇಲಿನ ಹಾಗೂ ಒಳಗಿನ ಸಮಸ್ತ ಸ್ಥಿತಿಗತಿಗಳನ್ನು ಮನಗಂಡಿರುತ್ತಾನೆ.

“ಹಂಗಂದ್ರೆ?”

“ನೆಲದ ಒಳಗೆ ಏನಿದೆ ಅಂತ ನಿಮಗೆ ಗೊತ್ತು ಅಂತ.”

“ಅಗೆಯೋ ಮುಂಚೆನಾ?”

“ಹೂಂ.”

ಮೇಸ್ತ್ರಿ ಯೋಚಿಸಿದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ; ನಕ್ಷೆಯಲ್ಲಿ ತಪ್ಪಿದ್ದ ಮೆಟ್ಟಿಲಿನ ಲೆಕ್ಕ ತೋರಿಸಿಕೊಟ್ಟ ದಿನದ ಅದೇ ಮುಖ.

“ಇದಕ್ಕೆ ನಾನು ಒಪ್ತಾ ಇರ್ಲಿಲ್ಲ ಕಲಮಕ್ಕನೋರೇ.”

“ಗೊತ್ತು,” ಅಂದಳು ಅವಳು. ಕಣ್ಣಲ್ಲಿ ನೀರು ತುಂಬಿ ಅಕ್ಷರ ಕಾಣುತ್ತಿರಲಿಲ್ಲ. “ಅದಕ್ಕೇ ನಿಮ್ಮ ಮಗಳ ಸುದ್ದಿ ಕೇಳಿದ್ದು.”

ಬೀದಿಯಲ್ಲಿ ಸ್ಕೂಟರಿನ ಹಾರ್ನ್ ಎರಡು ಸಲ ಕೇಳಿತು. ಅವನು ಆ ಕಡೆ ತಿರುಗಲಿಲ್ಲ.

“ಮುಂದಿಂದು ಓದಿ,” ಅಂದ.